ಮಾತ್ರೆ ಒಂದೇ, ಮೈ ಬೇರೆ

ತಿಪಟೂರಿನ ಮನೆಯಲ್ಲಿ ಚಿಕ್ಕಪ್ಪ ಹಳೇ ಬಿಸ್ಕತ್ತಿನ ಡಬ್ಬಿಯನ್ನು ತಂದು ಚಾಪೆಯ ಮೇಲೆ ಬೋರಲು ಹಾಕಿದರು. ಅರ್ಧ ಮುಗಿದ ಸ್ಟ್ರಿಪ್ಪುಗಳು, ರಬ್ಬರ್ ಬ್ಯಾಂಡ್ ಸುತ್ತಿದ ಚೀಟಿಗಳು, ಮೆಡಿಕಲ್ ಶಾಪಿನ ಕಂದು ಕವರುಗಳು ಚಾಪೆಯ ತುಂಬ ಹರಡಿಕೊಂಡವು. ಚಿಕ್ಕಮ್ಮ ಗೋಡೆಗೆ ಎರಡು ದಿಂಬು ಒರಗಿಸಿಕೊಂಡು ಮಂಚದ ಮೇಲೆ ಕೂತಿದ್ದರು. ಮಲಗಿದರೆ ಬೆನ್ನು ಇನ್ನೂ ಉರಿಯುತ್ತಿತ್ತು. ಐದು ವರ್ಷ ಸುಮ್ಮನಿದ್ದ ಸ್ತನ ಕ್ಯಾನ್ಸರ್ ಆ ವರ್ಷ ಬೆನ್ನುಮೂಳೆಗೆ ಇಳಿದಿತ್ತು. ನೋವಿಗೆಂದು ಟ್ರಮಡಾಲ್ ಬರೆದುಕೊಟ್ಟಿದ್ದರು. ಮೊದಲು 50 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಆಮೇಲೆ ನಾಲ್ಕು ಸಲ, ಆಮೇಲೆ ಸಲಕ್ಕೆ ಎರಡೆರಡು.

‘ನೀರು ಕುಡಿದಂಗೆ ಕಣಪ್ಪ, ಏನೂ ಆಗ್ತಿಲ್ಲ. ಹೊಟ್ಟೆ ತೊಳೆಸೋದು ಮಾತ್ರ ತಪ್ಪಿಲ್ಲ’ ಎಂದರು ಚಿಕ್ಕಮ್ಮ.

ಇದೇ ಮಾತನ್ನು ಅವರು ಡಾಕ್ಟರ ಮುಂದೆಯೂ ಹೇಳಿದ್ದರು. ‘ಇಷ್ಟು ಡೋಸಿಗೆ ಕಡಿಮೆ ಆಗಲೇಬೇಕಮ್ಮ, ಸ್ವಲ್ಪ ಧೈರ್ಯ ತಗೊಳ್ಳಿ’ ಎಂಬ ಉತ್ತರ ಬಂದಿತ್ತು. ಮನೆಯಲ್ಲಿ ನಾವೂ ಅದನ್ನೇ ನಂಬಿದೆವು. ಕಾಯಿಲೆ ಮರುಕಳಿಸಿದ ಭಯಕ್ಕೆ ಹೀಗಾಡುತ್ತಾರೆ ಎಂದುಕೊಂಡೆವು. ಹಾಗೆಂದುಕೊಂಡವರಲ್ಲಿ ನಾನೂ ಒಬ್ಬ. ಒಂದೇ ಮಾತ್ರೆ ಒಂದೇ ಡೋಸಿನಲ್ಲಿ ಒಬ್ಬರಿಗೆ ನಿದ್ದೆ ಕೊಟ್ಟು ಇನ್ನೊಬ್ಬರಿಗೆ ನೀರಾಗಬಹುದು ಎಂಬುದು ನನಗೆ ತಿಳಿದದ್ದು ಅದಾದ ಮೇಲೆ. ತಡವಾಗಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟ್ರಮಡಾಲ್ ಮತ್ತು ಅದರ ಹಿರಿಯಣ್ಣನಂಥ ಕೋಡೀನ್, ಎರಡೂ ನುಂಗಿದ ರೂಪದಲ್ಲೇ ಪೂರ್ತಿ ಔಷಧವಾಗಿರುವುದಿಲ್ಲ. ಕೋಡೀನ್ ಹಾಲಿದ್ದಂತೆ. ಪಿತ್ತಜನಕಾಂಗದೊಳಗೆ ಹೆಪ್ಪು ಬಿದ್ದು ಮೊಸರಾದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಆ ಮೊಸರೇ ಮಾರ್ಫಿನ್. ನುಂಗಿದ ಕೋಡೀನಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಭಾಗದಷ್ಟೇ ಮಾರ್ಫಿನ್ ಆಗುತ್ತದೆ, ನೋವು ಇಳಿಸುವುದು ಹೆಚ್ಚಾಗಿ ಆ ಚಿಕ್ಕ ಪಾಲೇ. ಟ್ರಮಡಾಲ್ ಕೂಡ ಹಾಗೆಯೇ ರೂಪ ಬದಲಿಸಿಕೊಂಡ ಮೇಲೆಯೇ ಮಿದುಳಿನ ಓಪಿಯಾಯ್ಡ್ ಗ್ರಾಹಕಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎರಡಕ್ಕೂ ಹೆಪ್ಪು ಹಾಕುವುದು ಒಂದೇ ಕಿಣ್ವ, ಹೆಸರು ಸಿವೈಪಿ2ಡಿ6. ನಾವು ಬಳಸುವ ಔಷಧಗಳಲ್ಲಿ ಸುಮಾರು ಐದರಲ್ಲೊಂದು ಈ ಕಿಣ್ವದ ಕೈದಾಟಿ ಹೋಗುವಂಥದ್ದು. ಅದನ್ನು ತಯಾರಿಸುವ ಸೂಚನೆ ಇರುವುದು 22ನೇ ವರ್ಣತಂತುವಿನ ಮೇಲಿನ ಒಂದು ಜೀನಿನಲ್ಲಿ.

ಹೆಪ್ಪು ಎಲ್ಲರ ಮನೆಯಲ್ಲೂ ಒಂದೇ ಹದದ್ದಲ್ಲ. ಈ ಜೀನಿನ ಎರಡು ಪ್ರತಿಗಳು, ತಾಯಿಯಿಂದ ಒಂದು ತಂದೆಯಿಂದ ಒಂದು, ನಮಗೆ ಬರುತ್ತವೆ. ಕೆಲವರಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದಿರುತ್ತವೆ. ಅವರಲ್ಲಿ ಕಿಣ್ವ ಇಲ್ಲವೆಂದೇ ಲೆಕ್ಕ, ಹಾಲು ಹಾಲಾಗಿಯೇ ಉಳಿಯುತ್ತದೆ. ಕೆಲವರಿಗೆ ಒಳ್ಳೆಯ ಪ್ರತಿಗಳು ಎರಡಕ್ಕಿಂತ ಹೆಚ್ಚು ಬಂದಿರುತ್ತವೆ, ಹಾಲು ಹಾಕುವುದರೊಳಗೇ ಮೊಸರು. ನಡುವೆ ಅರೆಬರೆ ಕೆಲಸ ಮಾಡುವ ಪ್ರತಿಗಳವರು ಬಹಳ ಮಂದಿ. ಯುರೋಪಿನ ಮೂಲದವರಲ್ಲಿ ನೂರಕ್ಕೆ ಐದರಿಂದ ಹತ್ತು ಜನ ಕಿಣ್ವವೇ ಇಲ್ಲದವರು. ಏಷ್ಯಾದವರಲ್ಲಿ ಇಂಥವರು ಅದಕ್ಕಿಂತ ಕಡಿಮೆ. ಇಥಿಯೋಪಿಯಾ, ಸೌದಿ ಅರೇಬಿಯಾ ಕಡೆ ಅತಿಚುರುಕು ಕಿಣ್ವದವರು ಎದ್ದು ಕಾಣುವಷ್ಟಿದ್ದಾರೆ. 1993ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಕುಟುಂಬದ ತಂದೆ, ಮಗಳು, ಮಗನಲ್ಲಿ ಈ ಜೀನ್ ಹನ್ನೆರಡು ಪಟ್ಟು ಹೆಚ್ಚಿರುವುದನ್ನು ಕಂಡರು. ಔಷಧ ಅವರ ಮೈಯಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಇದೆಲ್ಲ ಬೆಳಕಿಗೆ ಬಂದ ಬಗೆ ಹೇಳಲೇಬೇಕಾದ್ದು. 1975ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ವೈದ್ಯಕೀಯ ಕಾಲೇಜಿನ ರಾಬರ್ಟ್ ಸ್ಮಿತ್ ಎಂಬ ಔಷಧ ವಿಜ್ಞಾನಿ ತಮ್ಮ ಪ್ರಯೋಗಾಲಯದ ಗೆಳೆಯರ ಜತೆ ಡೆಬ್ರಿಸೊಕ್ವಿನ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ನುಂಗಿದರು. ದೇಹ ಅದನ್ನು ಹೇಗೆ ಒಡೆಯುತ್ತದೆಂದು ಮೂತ್ರ ಪರೀಕ್ಷೆಯಿಂದ ತಿಳಿಯುವುದಷ್ಟೇ ಉದ್ದೇಶ. ಉಳಿದವರಿಗೆ ಏನೂ ಆಗಲಿಲ್ಲ. ಸ್ಮಿತ್ ಅವರ ರಕ್ತದೊತ್ತಡ ಮಾತ್ರ ಕುಸಿದುಬಿತ್ತು, ಎದ್ದು ನಿಲ್ಲಲೂ ಆಗದೆ ತತ್ತರಿಸಿದರು. ಅವರ ಮೂತ್ರದಲ್ಲಿ ಔಷಧ ಬಹುಮಟ್ಟಿಗೆ ನುಂಗಿದ ರೂಪದಲ್ಲೇ ಹೊರಬಂದಿತ್ತು. ಅದೇ ಕಾಲಕ್ಕೆ ಜರ್ಮನಿಯ ಬಾನ್ ನಗರದಲ್ಲಿ ಮಿಶೆಲ್ ಐಶೆಲ್‌ಬಾಮ್ ಸ್ಪಾರ್ಟೀನ್ ಎಂಬ ಹೃದಯದ ಔಷಧದಲ್ಲೂ ಇಂಥದ್ದೇ ಒಡಕನ್ನು ಕಂಡಿದ್ದರು. ಎರಡರ ಹಿಂದೆಯೂ ಒಂದೇ ಕಿಣ್ವವಿದೆ ಎಂಬುದು ಆಮೇಲೆ ಗೊತ್ತಾಯಿತು. 1988ರಲ್ಲಿ ಅದರ ಜೀನೂ ಸಿಕ್ಕಿತು. ಒಬ್ಬ ವಿಜ್ಞಾನಿ ಒಂದು ದಿನ ತಲೆಸುತ್ತಿ ಬಿದ್ದಾಗ ಅದನ್ನು ‘ಸುಸ್ತಾಗಿರಬೇಕು’ ಎಂದು ತಳ್ಳಿಹಾಕದೆ ‘ನನಗೆ ಮಾತ್ರ ಏಕೆ?’ ಎಂದು ಕೇಳಿಕೊಂಡದ್ದರಿಂದ ಈ ವಿದ್ಯೆ ಶುರುವಾಯಿತು. ನಮ್ಮ ಮನೆಯಲ್ಲಿ ಚಿಕ್ಕಮ್ಮ ಕೇಳಿದ್ದೂ ಅದೇ ಪ್ರಶ್ನೆ.

ಕಿಣ್ವ ಮಂದವಾದರೆ ನೋವು ಉಳಿಯುತ್ತದೆ. ಅತಿಚುರುಕಾದರೆ ಜೀವಕ್ಕೇ ಅಪಾಯ. 2004ರಲ್ಲಿ ಜಿನೀವಾದ ವೈದ್ಯರು ಪ್ರಕಟಿಸಿದ ಪ್ರಕರಣವೊಂದು ಈಗಲೂ ವೈದ್ಯಕೀಯ ತರಗತಿಗಳಲ್ಲಿ ಪಾಠ. 62 ವರ್ಷದ ಆ ರೋಗಿಗೆ ಲಿಂಫೋಸೈಟಿಕ್ ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇತ್ತು, ಜತೆಗೆ ನ್ಯುಮೋನಿಯಾ. ಕೆಮ್ಮಿಗೆಂದು 25 ಮಿಲಿಗ್ರಾಂ ಕೋಡೀನ್ ದಿನಕ್ಕೆ ಮೂರು ಸಲ ಕೊಟ್ಟರು. ಯಾರೂ ಹೆದರುವಂಥ ಡೋಸಲ್ಲ. ನಾಲ್ಕನೇ ದಿನ ಅವರು ಎಚ್ಚರ ತಪ್ಪಿ ಬಿದ್ದರು. ಓಪಿಯಾಯ್ಡ್ ವಿಷವನ್ನು ಇಳಿಸುವ ನೆಲಾಕ್ಸೋನ್ ಚುಚ್ಚುಮದ್ದು ಕೊಟ್ಟ ಮೇಲೆ ಚೇತರಿಸಿಕೊಂಡರು. ಪರೀಕ್ಷೆ ಮಾಡಿದಾಗ ತಿಳಿದದ್ದು ಇಷ್ಟು: ಅವರದು ಅತಿಚುರುಕು ಕಿಣ್ವ. ಅದರ ಮೇಲೆ ನ್ಯುಮೋನಿಯಾಕ್ಕೆ ಕೊಟ್ಟ ಎರಡು ಔಷಧಗಳು ಕೋಡೀನ್ ಹೊರಹೋಗುವ ಇನ್ನೊಂದು ದಾರಿಯನ್ನು ಮುಚ್ಚಿದ್ದವು. ಮೂತ್ರಪಿಂಡವೂ ಸೋತಿದ್ದರಿಂದ ತಯಾರಾದ ಮಾರ್ಫಿನ್ ದೇಹ ಬಿಟ್ಟು ಹೋಗಲಿಲ್ಲ. ಒಂದು ಜೀನ್, ಎರಡು ಮಾತ್ರೆ, ಒಂದು ಸೋತ ಅಂಗ, ನಾಲ್ಕೂ ಕೂಡಿ ಒಬ್ಬ ಮನುಷ್ಯನನ್ನು ಸಾವಿನ ಬಾಗಿಲಿಗೆ ಒಯ್ದಿದ್ದವು. ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೀಮೋದ ವಾಂತಿಯಲ್ಲಿ ಇದೇ ಕಿಣ್ವದ ಆಟ ತಿರುಗುಮುರುಗು. ವಾಂತಿ ತಡೆಯಲು ಕೊಡುವ ಓಂಡಾನ್‌ಸೆಟ್ರಾನ್ ನುಂಗಿದ ರೂಪದಲ್ಲೇ ಕೆಲಸ ಮಾಡುತ್ತದೆ, ಕಿಣ್ವ ಅದನ್ನು ಒಡೆದು ಹೊರಹಾಕುತ್ತದೆ. ಕಿಣ್ವ ಅತಿಚುರುಕಾಗಿದ್ದವರಲ್ಲಿ ಮದ್ದು ಬೇಗ ಕರಗಿ, ಕೀಮೋ ಹಾಕಿಸಿಕೊಂಡ ಸಂಜೆಯೇ ಬಕೆಟ್ ಹುಡುಕಬೇಕಾಗುತ್ತದೆ. 2002ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು 270 ಕ್ಯಾನ್ಸರ್ ರೋಗಿಗಳಲ್ಲಿ ಇದನ್ನು ತೋರಿಸಿತು. ಇಂಥವರಿಗೆ ಈ ಕಿಣ್ವದ ಹಂಗಿಲ್ಲದ ಗ್ರಾನಿಸೆಟ್ರಾನ್ ಕೊಡಿ ಎಂದು, ಜೀನ್ ನೋಡಿ ಔಷಧ ಬರೆಯುವ ಬಗ್ಗೆ ಮಾರ್ಗಸೂಚಿ ಸಿದ್ಧಪಡಿಸುವ ಸಿಪಿಐಸಿ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ ಹೇಳುತ್ತದೆ. ಗ್ರಾನಿಸೆಟ್ರಾನ್ ನಮ್ಮಲ್ಲೂ ಸಿಗುತ್ತದೆ. ‘ಎಲ್ಲರಿಗೂ ಇದೇ ಕೊಡೋದು, ನಿಮಗೊಬ್ಬರಿಗೇ ಯಾಕೆ ವಾಂತಿ’ ಎಂದು ಕೀಮೋ ವಾರ್ಡಿನಲ್ಲಿ ಗದರಿಸಿಕೊಂಡವರು ಇದನ್ನು ಓದಬೇಕು.

ಬೇರೆ ಜೀನುಗಳ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಕ್ಯಾನ್ಸರ್ ರೋಗಿಯ ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್, ಹೊಟ್ಟೆ ಉರಿಗೆ ಕೊಡುವ ಓಮೆಪ್ರಝೋಲ್ ಸಿವೈಪಿ2ಸಿ19 ಎಂಬ ಕಿಣ್ವದ ಪಾಲಿಗೆ ಬರುತ್ತವೆ. ಅದು ಮಂದವಾಗಿರುವವರು ಭಾರತೀಯರಲ್ಲಿ ಹತ್ತಕ್ಕೊಬ್ಬರಂತಾದರೂ ಇದ್ದಾರೆ. ನರದ ನೋವಿಗೆ ರಾತ್ರಿ ಹೊತ್ತು ಕೊಡುವ ಅಮಿಟ್ರಿಪ್ಟಿಲಿನ್ ಈ ಎರಡೂ ಕಿಣ್ವಗಳ ಕೈಯಲ್ಲಿದೆ. ಮೂಳೆ ನೋವಿಗೆ ಕೊಡುವ ಐಬುಪ್ರೊಫೇನ್, ಸೆಲೆಕಾಕ್ಸಿಬ್‌ಗಳಿಗೆ ಸಿವೈಪಿ2ಸಿ9.

ಒಂದು ಮಾತ್ರೆಯ ಬಗ್ಗೆ ಮಾತ್ರ ನಿಂತು ಹೇಳಬೇಕು, ಕಾರ್ಬಮಝೆಪಿನ್. ಮಿದುಳಿಗೆ ಹರಡಿದ ಗಡ್ಡೆಯಿಂದ ಫಿಟ್ಸ್ ಬಂದಾಗ, ಮುಖದ ನರ ಸಿಡಿಯುವಾಗ ಇದನ್ನು ಕೊಡುವುದುಂಟು. ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ರೂಪ ಇರುವವರಲ್ಲಿ ಇದು ಚರ್ಮ ಸುಲಿದು ಬರುವ, ಕಣ್ಣು ಬಾಯಿಯ ಒಳಪೊರೆಗಳೆಲ್ಲ ಬೊಬ್ಬೆಯೇಳುವ ಸ್ಟೀವನ್ಸ್-ಜಾನ್ಸನ್ ಎಂಬ ಘೋರ ಪ್ರತಿಕ್ರಿಯೆ ತರಬಹುದು. ಏಷ್ಯಾ ಮೂಲದವರಿಗೆ ಕೊಡುವ ಮೊದಲು ಈ ಜೀನ್ ಪರೀಕ್ಷಿಸಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲೇ ಎಚ್ಚರಿಸಿತು. ಭಾರತೀಯರಲ್ಲಿ ಈ ರೂಪ ನೂರಕ್ಕೆ ಎರಡರಿಂದ ನಾಲ್ಕು ಜನರಲ್ಲಿ, ಕೆಲವು ಸಮುದಾಯಗಳಲ್ಲಿ ಇನ್ನೂ ಹೆಚ್ಚು ಎಂದು ಆ ಔಷಧದ ವಿವರಪತ್ರವೇ ಹೇಳುತ್ತದೆ. ಪರೀಕ್ಷೆ ಮಾಡಿಸದೆ ಈ ಮಾತ್ರೆ ಶುರು ಮಾಡುವುದಕ್ಕೆ ನಾನಂತೂ ಒಪ್ಪಲಾರೆ. ಬದಲಿ ಔಷಧಗಳಿವೆ.

ಈಗ ಚಿಕ್ಕಮ್ಮನ ಕಡೆ ಬರೋಣ. ಅವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಈ ಜೀನ್ ಪರೀಕ್ಷೆಯ ಬಗ್ಗೆ ಎಲ್ಲೋ ಓದಿ, ಕಿಟ್ ತರಿಸಿ, ಹತ್ತಿಯ ಕಡ್ಡಿಯಿಂದ ಅಮ್ಮನ ಕೆನ್ನೆಯ ಒಳಬದಿಯನ್ನು ಉಜ್ಜಿ ಕಳಿಸಿದ. ಕೆಲವು ಸಾವಿರ ರೂಪಾಯಿ ಖರ್ಚಾಯಿತು. ರಿಪೋರ್ಟು ಬಂತು. ಸಿವೈಪಿ2ಡಿ6: ನಾರ್ಮಲ್.

ಆ ಒಂದು ಪದ ಅವರಿಗೆ ಎಷ್ಟು ಕೆಟ್ಟದ್ದು ಮಾಡಿತು ಎಂದು ನೆನೆದರೆ ಈಗಲೂ ಸಂಕಟ. ಅದನ್ನು ತೋರಿಸಿದಾಗ ಡಾಕ್ಟರು ‘ನೋಡಿ, ನಿಮ್ಮ ಮೈಗೆ ಈ ಮಾತ್ರೆ ಒಗ್ಗುತ್ತೆ ಅಂತ ವಿಜ್ಞಾನವೇ ಹೇಳ್ತಿದೆ’ ಎಂದರಂತೆ. ಚಿಕ್ಕಮ್ಮ ಅಂದಿನಿಂದ ನೋವಿನ ಮಾತೆತ್ತುವುದನ್ನೇ ಬಿಟ್ಟರು. ರಾತ್ರಿ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದರು, ಚಿಕ್ಕಪ್ಪ ಎಚ್ಚರವಾಗಿ ನೋಡಿದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಬೆಂಗಳೂರಿನಲ್ಲಿ ಉಪಶಮನ ಆರೈಕೆಯ ವೈದ್ಯೆಯೊಬ್ಬರ ಬಳಿ ಕರೆದುಕೊಂಡು ಹೋದದ್ದು ಅದಾದ ಮೂರು ವಾರಕ್ಕೆ. ಅವರು ರಿಪೋರ್ಟನ್ನು ಓದಿ ಪಕ್ಕಕ್ಕಿಟ್ಟರು. ‘ಮನೆಯಲ್ಲಿರೋ ಮಾತ್ರೆಯೆಲ್ಲ ತಂದಿದ್ದೀರಾ?’ ಎಂದು ಕೇಳಿದರು. ಬಿಸ್ಕತ್ತಿನ ಡಬ್ಬಿ ಮತ್ತೊಮ್ಮೆ ಬೋರಲಾಯಿತು. ಸ್ಟ್ರಿಪ್ಪುಗಳನ್ನು ಇಸ್ಪೀಟು ಎಲೆ ಜೋಡಿಸಿದಂತೆ ಮೇಜಿನ ಮೇಲೆ ಸಾಲಾಗಿಟ್ಟು, ಒಂದರ ಮೇಲೆ ಬೆರಳಿಟ್ಟರು. ‘ಇದು ಯಾವಾಗಿನಿಂದ ಅಮ್ಮಾ?’

ಅದು ಪ್ಯಾರಾಕ್ಸೆಟಿನ್. ಕಾಯಿಲೆಯ ಮೊದಲ ಸುತ್ತಿನಲ್ಲಿ, ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ತೆಗೆದುಕೊಳ್ಳುವಾಗ ಮೈಯೆಲ್ಲ ಬೆಂಕಿ ಹತ್ತಿದಂತಾಗಿ ಬೆವರು ಸುರಿಯುತ್ತಿತ್ತು, ರಾತ್ರಿ ಸೀರೆ ಬದಲಿಸಬೇಕಾಗುತ್ತಿತ್ತು. ಅದಕ್ಕೆಂದು ಯಾರೋ ಬರೆದುಕೊಟ್ಟಿದ್ದರು. ಟಮಾಕ್ಸಿಫೆನ್ ನಿಂತು ಬೇರೆ ಔಷಧ ಶುರುವಾದರೂ ಇದು ಹಾಗೇ ಮುಂದುವರಿದಿತ್ತು. ಚಿಕ್ಕಪ್ಪ ಪ್ರತಿ ತಿಂಗಳು ಖಾಲಿ ಸ್ಟ್ರಿಪ್ ತೋರಿಸಿ ಹೊಸದು ತರುತ್ತಿದ್ದರು.

ಪ್ಯಾರಾಕ್ಸೆಟಿನ್ ಸಿವೈಪಿ2ಡಿ6 ಕಿಣ್ವದ ಕೈಕಾಲು ಕಟ್ಟಿ ಕೂರಿಸುತ್ತದೆ. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್, ಬುಪ್ರೊಪಿಯಾನ್ ಮಾಡುವುದೂ ಅದನ್ನೇ. ಜೀನ್ ಚೆನ್ನಾಗಿದೆ, ಕಿಣ್ವ ತಯಾರಾಗುತ್ತಿದೆ, ಆದರೆ ಕೆಲಸಕ್ಕೆ ಬರುತ್ತಿಲ್ಲ. ಹುಟ್ಟಿನಿಂದ ಚುರುಕಿದ್ದವರನ್ನು ಮಾತ್ರೆಯೊಂದು ಮಂದರನ್ನಾಗಿ ಮಾಡಿಬಿಡುತ್ತದೆ. ಜೀನ್ ರಿಪೋರ್ಟಿಗೆ ಇದು ಕಾಣುವುದೇ ಇಲ್ಲ. ಅದು ಹೇಳುವುದು ಹುಟ್ಟಿನ ಕಥೆಯನ್ನು, ಇವತ್ತು ಬೆಳಗ್ಗೆ ನುಂಗಿದ್ದರ ಕಥೆಯನ್ನಲ್ಲ. ಟ್ರಮಡಾಲ್ ಚಿಕ್ಕಮ್ಮನ ಮೈಯಲ್ಲಿ ಬಹುಪಾಲು ಟ್ರಮಡಾಲಾಗಿಯೇ ಉಳಿಯುತ್ತಿತ್ತು. ಆ ಮೂಲರೂಪಕ್ಕೂ ಒಂದು ಗುಣವಿದೆ, ಸೆರೊಟೋನಿನ್ ಎಂಬ ನರರಾಸಾಯನಿಕವನ್ನು ಏರಿಸುತ್ತದೆ. ಪ್ಯಾರಾಕ್ಸೆಟಿನ್ ಕೂಡ ಏರಿಸುವುದು ಅದನ್ನೇ. ಹೊಟ್ಟೆ ತೊಳೆಸುವುದು ತಪ್ಪದಿದ್ದರೆ ಆಶ್ಚರ್ಯವೇನು? ಇವೆರಡು ಜತೆಯಾದರೆ ನಡುಕ, ಗೊಂದಲ, ಫಿಟ್ಸ್‌ವರೆಗೂ ಹೋಗಬಹುದಿತ್ತು.

‘ನೀವು ಹೇಳಿದ್ದು ಸರಿಯಾಗೇ ಇತ್ತಮ್ಮ’ ಎಂದರು ಆ ವೈದ್ಯೆ. ಚಿಕ್ಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನೋವಿಗೆ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇಲ್ಲಿ ಟಮಾಕ್ಸಿಫೆನ್ ಬಗ್ಗೆ ಒಂದು ಮಾತು. ಅದೂ ಇದೇ ಕಿಣ್ವದಿಂದ ಎಂಡಾಕ್ಸಿಫೆನ್ ಎಂಬ ಬಲವಾದ ರೂಪಕ್ಕೆ ತಿರುಗಬೇಕು. ಪ್ಯಾರಾಕ್ಸೆಟಿನ್ ಜತೆಗಿದ್ದರೆ ರಕ್ತದಲ್ಲಿ ಎಂಡಾಕ್ಸಿಫೆನ್ ಇಳಿಯುವುದು 2003ರ ಹೊತ್ತಿಗೇ ದಾಖಲಾಗಿತ್ತು. ಅದರಿಂದಲೇ ಚಿಕ್ಕಮ್ಮನಿಗೆ ಕಾಯಿಲೆ ಮರಳಿತು ಎಂದು ಹೇಳುವುದು ಅನ್ಯಾಯ. ಟಮಾಕ್ಸಿಫೆನ್‌ನ ಫಲಿತಾಂಶಕ್ಕೂ ಈ ಜೀನಿಗೂ ಇರುವ ನಂಟಿನ ಬಗ್ಗೆ ಅಧ್ಯಯನಗಳೇ ಒಂದು ದನಿಯಲ್ಲಿ ಮಾತಾಡಿಲ್ಲ. ಆದರೆ ಬೆವರು, ಬಿಸಿಯ ಉಪಶಮನಕ್ಕೆ ವೆನ್ಲಾಫ್ಯಾಕ್ಸಿನ್‌ನಂಥ, ಈ ಕಿಣ್ವವನ್ನು ಅಷ್ಟಾಗಿ ಮುಟ್ಟದ ಔಷಧ ಇರುವಾಗ ಟಮಾಕ್ಸಿಫೆನ್ ಜತೆ ಪ್ಯಾರಾಕ್ಸೆಟಿನ್ ಬರೆಯಬಾರದು ಎಂಬುದೇ ವೈದ್ಯಲೋಕದ ಸಾಮಾನ್ಯ ಸಲಹೆ.

ಹಾಗಾದರೆ ಜೀನ್ ಪರೀಕ್ಷೆ ಬೇಡವೇ? ಬೇಕು. ಎಲ್ಲಿ ಬೇಕು ಎಂಬುದನ್ನು ನಿಚ್ಚಳವಾಗಿ ತಿಳಿದುಕೊಂಡು ಬೇಕು. ಅಮೆರಿಕದ ಫ್ಲಾರಿಡಾದಲ್ಲಿ ದೀರ್ಘಕಾಲದ ನೋವಿದ್ದ 375 ಜನರ ಮೇಲೆ ನಡೆದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಕಿಣ್ವ ಮಂದ ಅಥವಾ ಅರೆಮಂದವಾಗಿದ್ದು ಟ್ರಮಡಾಲ್ ಇಲ್ಲವೇ ಕೋಡೀನ್ ತೆಗೆದುಕೊಳ್ಳುತ್ತಿದ್ದವರಲ್ಲಿ, ಜೀನ್ ನೋಡಿ ಔಷಧ ಬದಲಿಸಿದ ಗುಂಪಿನ ನೂರಕ್ಕೆ 24 ಜನರಿಗೆ ನೋವು ಕನಿಷ್ಠ ಶೇ 30ರಷ್ಟು ಇಳಿಯಿತು. ಎಂದಿನ ರೀತಿಯಲ್ಲೇ ಚಿಕಿತ್ಸೆ ಪಡೆದ ಗುಂಪಿನಲ್ಲಿ ಅಂಥವರು ಒಬ್ಬರೂ ಇರಲಿಲ್ಲ. ಯುರೋಪಿನ ಏಳು ದೇಶಗಳಲ್ಲಿ 6,944 ರೋಗಿಗಳ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಪ್ರಿಪೇರ್ ಅಧ್ಯಯನ ಇನ್ನೂ ದೊಡ್ಡದು. ಹನ್ನೆರಡು ಜೀನುಗಳನ್ನು ಮೊದಲೇ ಓದಿ, ಫಲಿತಾಂಶವನ್ನು ಒಂದು ಕಾರ್ಡಿನಲ್ಲಿ ರೋಗಿಯ ಜೇಬಿಗೇ ಕೊಟ್ಟು, ಅದರಂತೆ ಔಷಧ ಬರೆದಾಗ ಅಡ್ಡಪರಿಣಾಮಗಳು ಸುಮಾರು ಶೇ 30ರಷ್ಟು ಕಡಿಮೆಯಾದವು.

ಇದೇ ಉತ್ಸಾಹದಲ್ಲಿ ಎಲ್ಲ ನೋವಿಗೂ ಜೀನಿನಲ್ಲಿ ಉತ್ತರವಿದೆ ಎಂದು ಹೊರಟರೆ ಎಡವುತ್ತೇವೆ. ಯುರೋಪಿನ 11 ದೇಶಗಳ 2,294 ಕ್ಯಾನ್ಸರ್ ರೋಗಿಗಳನ್ನು ಒಳಗೊಂಡ ಅಧ್ಯಯನ 2011ರಲ್ಲಿ ಬಂತು. ಮಾರ್ಫಿನ್, ಆಕ್ಸಿಕೋಡೋನ್, ಫೆಂಟಾನಿಲ್‌ನಂಥ ಬಲವಾದ ಔಷಧಗಳು ಯಾರಿಗೆ ಎಷ್ಟು ಬೇಕಾಗುತ್ತವೆ ಎಂಬುದಕ್ಕೆ 25 ಜೀನುಗಳಲ್ಲಿ ಸುಳಿವು ಹುಡುಕಿದರು. ನಂಬಬಹುದಾದ ಒಂದು ಸುಳಿವೂ ಸಿಗಲಿಲ್ಲ. ಸಿಪಿಐಸಿಯ 2021ರ ಮಾರ್ಗಸೂಚಿ ಕೂಡ ಕೋಡೀನ್, ಟ್ರಮಡಾಲ್‌ಗಳ ಬಗ್ಗೆ ಗಟ್ಟಿಯಾಗಿ ಮಾತಾಡುತ್ತದೆ. ಕಿಣ್ವ ಇಲ್ಲದವರಿಗೂ ಕೊಡಬೇಡಿ, ಅತಿಚುರುಕಿನವರಿಗೂ ಕೊಡಬೇಡಿ. ಮಾರ್ಫಿನ್ ವಿಷಯಕ್ಕೆ ಬಂದಾಗ ಜೀನ್ ನೋಡಿ ಡೋಸ್ ಬದಲಿಸಲು ಆಧಾರವಿಲ್ಲ ಎನ್ನುತ್ತದೆ. ಮಾರ್ಫಿನ್‌ಗೆ ಹೆಪ್ಪು ಬೇಕಿಲ್ಲ, ಅದು ಆಗಲೇ ಮೊಸರು. ಅದನ್ನು ಕೊಡುವಾಗ ನೋಡಬೇಕಾದದ್ದು ಮೂತ್ರಪಿಂಡ ಹೇಗಿದೆ ಎಂಬುದನ್ನು, ಕೇಳಬೇಕಾದದ್ದು ರೋಗಿಯನ್ನು.

ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾಗಿ ಕಂಡದ್ದು ಇದು. ಇಟಲಿಯಲ್ಲಿ ಮಧ್ಯಮ ಮಟ್ಟದ ನೋವಿದ್ದ 240 ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಕೋಡೀನ್ ಅಥವಾ ಟ್ರಮಡಾಲ್, ಇನ್ನೊಂದಕ್ಕೆ ಮೊದಲ ದಿನದಿಂದಲೇ ಅಲ್ಪ ಪ್ರಮಾಣದ ಮಾರ್ಫಿನ್. 2016ರಲ್ಲಿ ಬಂದ ಫಲಿತಾಂಶದಂತೆ ಮಾರ್ಫಿನ್ ಗುಂಪಿನಲ್ಲಿ ನೂರಕ್ಕೆ 88 ಜನರಿಗೆ ನೋವು ಇಳಿಯಿತು, ಇನ್ನೊಂದರಲ್ಲಿ 58 ಜನರಿಗೆ. ಯಾರ ಜೀನನ್ನೂ ನೋಡಬೇಕಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಹಾಕಿಕೊಟ್ಟ ಮೂರು ಮೆಟ್ಟಿಲಿನ ನೋವಿನ ಏಣಿಯಲ್ಲಿ ಕೋಡೀನ್, ಟ್ರಮಡಾಲ್ ನಡುವಿನ ಮೆಟ್ಟಿಲು. ಆ ಮೆಟ್ಟಿಲೇ ಕೆಲವರ ಕಾಲಡಿ ಕುಸಿಯುತ್ತದೆ, ಯಾರ ಕಾಲಡಿ ಎಂದು ಜೀನ್ ಹೇಳುತ್ತದೆ. ಮಾರ್ಫಿನ್ ಕೈಗೆಟುಕುವ ಕಡೆ ಆ ಮೆಟ್ಟಿಲನ್ನೇ ದಾಟಿ ಹೋಗಬಹುದು.

ನಮ್ಮಲ್ಲಿ ಕೈಗೆಟುಕುತ್ತದೆಯೇ? ಮಾರ್ಫಿನ್‌ಗೆ ಮೂಲವಾದ ಅಫೀಮು ನಮ್ಮಲ್ಲಿ ಬೆಳೆಯುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಹೊಲಗಳಲ್ಲಿ. ಸರ್ಕಾರದ್ದೇ ಕಾರ್ಖಾನೆಗಳು ನೀಮಚ್ ಮತ್ತು ಗಾಜಿಪುರದಲ್ಲಿವೆ. ಒಂದು ಮಾರ್ಫಿನ್ ಮಾತ್ರೆಯ ಬೆಲೆ ಕೆಲವೇ ರೂಪಾಯಿ. ಆದರೂ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಸುತ್ತಾಟಕ್ಕೆ ಹೆದರಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಬಾಗಿಲು ಬಡಿದ ಮೇಲೆ 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಮಾನ್ಯತೆ ಪಡೆದ ಒಂದು ವೈದ್ಯಕೀಯ ಸಂಸ್ಥೆ ಈಗ ಒಂದೇ ಅನುಮತಿಯಲ್ಲಿ ಮಾರ್ಫಿನ್ ಇಟ್ಟುಕೊಳ್ಳಬಹುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಕರುಣಾಶ್ರಯ ಎಂಬ ಆರೈಕೆ ಕೇಂದ್ರದಲ್ಲಿ ಅದು ದಿನದ ಔಷಧ. ತಾಲ್ಲೂಕು ಮಟ್ಟಕ್ಕೆ ಇಳಿದರೆ ಚೀಟಿಯ ಮೇಲೆ ಕಾಣುವುದು ಹೆಚ್ಚಾಗಿ ಟ್ರಮಡಾಲ್, ಪ್ಯಾರಾಸಿಟಮಾಲ್ ಜತೆ ಸೇರಿಸಿದ ಮಾತ್ರೆಯಾಗಿ. 2018ರಲ್ಲಿ ಟ್ರಮಡಾಲೂ ಅದೇ ಕಾಯ್ದೆಯ ಪಟ್ಟಿಗೆ ಸೇರಿತು. ಹಾಗಿದ್ದರೂ ಮಾರ್ಫಿನ್‌ಗಿಂತ ಸುಲಭವಾಗಿ ಸಿಗುವುದು ಅದೇ. ಹೆಪ್ಪು ಬೇಕಾದ ಮಾತ್ರೆಯನ್ನೇ ನೆಚ್ಚಿಕೊಂಡ ಊರಿನಲ್ಲಿ ಹೆಪ್ಪು ಇಲ್ಲದವರ ಗತಿ ಏನು ಎಂಬುದು ನಮ್ಮ ಪ್ರಶ್ನೆಯಾಗಬೇಕು. ಸೀಮೆಯಾಚೆಯ ಶ್ರೀಮಂತ ಆಸ್ಪತ್ರೆಗಿಂತ ಇಲ್ಲಿಯೇ ಈ ಜೀನಿನ ಅರಿವು ಹೆಚ್ಚು ಬೇಕು. ಅದಕ್ಕಿಂತ ಮೊದಲು ಬೇಕಾದದ್ದು ಮಾರ್ಫಿನ್.

ಪರೀಕ್ಷೆ ಮಾಡಿಸುವವರಿಗೆ ಎರಡು ಸೂಕ್ಷ್ಮಗಳು ತಿಳಿದಿರಲಿ. ಸಿವೈಪಿ2ಡಿ6 ಓದುವುದಕ್ಕೆ ಕಷ್ಟದ ಜೀನ್. ಪಕ್ಕದಲ್ಲೇ ಅದರ ತದ್ರೂಪಿನ, ಕೆಲಸಕ್ಕೆ ಬಾರದ ಸಿವೈಪಿ2ಡಿ7 ಕೂತಿದೆ. ಒಂದನ್ನು ಇನ್ನೊಂದೆಂದು ಓದಿಬಿಡುವ ಅಪಾಯವುಂಟು. ಪ್ರತಿಗಳೆಷ್ಟಿವೆ ಎಂದು ಎಣಿಸದ ಪರೀಕ್ಷೆ ಅತಿಚುರುಕಿನವರನ್ನು ಹಿಡಿಯಲಾರದು. ಆದ್ದರಿಂದ ಪ್ರತಿಗಳ ಎಣಿಕೆ ಮಾಡುತ್ತೀರಾ ಎಂದು ಲ್ಯಾಬಿನವರನ್ನು ಮೊದಲೇ ಕೇಳಿ. ಇನ್ನೊಂದು, ಬೇರೆಯವರಿಂದ ಅಸ್ಥಿಮಜ್ಜೆ ಪಡೆದ ರಕ್ತ ಕ್ಯಾನ್ಸರ್ ರೋಗಿಯ ವಿಷಯ. ಅವರ ರಕ್ತದಲ್ಲಿ, ಎಂಜಲಿನಲ್ಲೂ ಕೂಡ, ದಾನಿಯ ಜೀನುಗಳು ಕಾಣಿಸಿಕೊಳ್ಳುತ್ತವೆ. ಆದರೆ ಮಾತ್ರೆಯನ್ನು ಅರಗಿಸುವ ಪಿತ್ತಜನಕಾಂಗ ರೋಗಿಯದೇ. ಕಸಿಯ ಮೊದಲೇ ಮಾದರಿ ತೆಗೆದಿಡುವುದು ಜಾಣತನ. ಒಮ್ಮೆ ಸರಿಯಾಗಿ ಓದಿದ ಜೀನ್ ಬದುಕಿರುವವರೆಗೂ ಬದಲಾಗದು, ರಿಪೋರ್ಟನ್ನು ಆಧಾರ್ ಕಾರ್ಡಿನಂತೆ ಜೋಪಾನವಾಗಿಡಬಹುದು.

ಭಾರತೀಯರಲ್ಲಿ ಯಾವ ಜೀನಿನ ಯಾವ ರೂಪ ಎಲ್ಲೆಲ್ಲಿದೆ ಎಂಬ ನಕ್ಷೆಗೆ ಬೆಂಗಳೂರಿನಿಂದಲೇ ಒಂದು ದೊಡ್ಡ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಇಪ್ಪತ್ತು ಸಂಸ್ಥೆಗಳು ಕೂಡಿ, ದೇಶದ ಬೇರೆ ಬೇರೆ ಸಮುದಾಯಗಳ ಸುಮಾರು ಹತ್ತು ಸಾವಿರ ಜನರ ಪೂರ್ಣ ಜೀನೋಮನ್ನು ಓದಿದವು. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಲಾಯಿತು. ಲಂಡನ್ನಿನ, ಜಿನೀವಾದ ಲೆಕ್ಕವನ್ನು ಎರವಲು ತಂದು ತಿಪಟೂರಿನ ರೋಗಿಗೆ ಅನ್ವಯಿಸುವ ಕಾಲ ಇದರಿಂದ ಮುಗಿಯಲಿ ಎಂಬುದು ನನ್ನ ಆಸೆ.

ಚಿಕ್ಕಮ್ಮನಿಗೆ ಟ್ರಮಡಾಲ್ ನಿಲ್ಲಿಸಿದರು. ಪ್ಯಾರಾಕ್ಸೆಟಿನ್ನನ್ನು ಒಮ್ಮೆಲೇ ಬಿಟ್ಟರೆ ಮೈ ತಡೆಯದು ಎಂದು ವಾರವಾರಕ್ಕೆ ಇಳಿಸುತ್ತ ಬಂದರು. ಹತ್ತು ಮಿಲಿಗ್ರಾಂ ಮಾರ್ಫಿನ್ ಮಾತ್ರೆಯಲ್ಲಿ ಅರ್ಧದಂತೆ ನಾಲ್ಕು ಗಂಟೆಗೊಮ್ಮೆ, ಮಲಬದ್ಧತೆಗೆ ಜತೆಯಲ್ಲೇ ಇನ್ನೊಂದು ಮಾತ್ರೆ. ರಾತ್ರಿ ಹತ್ತಕ್ಕೆ ಎರಡು ಪಟ್ಟು, ನಡುರಾತ್ರಿ ಎಬ್ಬಿಸುವುದು ಬೇಡ ಎಂದರು ಆ ವೈದ್ಯೆ.

ಚಿಕ್ಕಪ್ಪ ಕೊಬ್ಬರಿ ವ್ಯಾಪಾರದ ಹಳೇ ಲೆಕ್ಕದ ಪುಸ್ತಕವನ್ನು ಇದಕ್ಕೆ ಎತ್ತಿಟ್ಟುಕೊಂಡರು. ಕ್ವಿಂಟಲ್, ದರ ಎಂದು ಅಚ್ಚಾಗಿದ್ದ ಅಂಕಣಗಳಲ್ಲಿ ಗಂಟೆ, ಮಾತ್ರೆ, ಹತ್ತಕ್ಕೆ ಎಷ್ಟು ನೋವು ಎಂದು ಬರೆಯತೊಡಗಿದರು. ಬ್ಲೇಡಿನಿಂದ ಮಾತ್ರೆಯನ್ನು ಸರಿಯಾಗಿ ಅರ್ಧ ಮಾಡುವುದನ್ನು ಎರಡೇ ದಿನದಲ್ಲಿ ಕಲಿತರು. ಮೊದಲ ದಿನ ಎಂಟು, ಎಂಟು, ಏಳು. ಎರಡನೆಯ ದಿನ ಆರು, ಐದು, ಐದು. ಮೂರನೆಯ ದಿನ ಬೆಳಗಿನ ಸಾಲಿನಲ್ಲಿ ಮಾತ್ರೆಯ ಲೆಕ್ಕವೂ ಇಲ್ಲ, ನೋವಿನ ಅಂಕಿಯೂ ಇಲ್ಲ. ಮೂರು ಅಂಕಣಗಳ ಗೆರೆ ದಾಟಿಸಿ ಚಿಕ್ಕಪ್ಪ ಅಗಲವಾಗಿ ಬರೆದಿದ್ದರು: ಇನ್ನೂ ಎದ್ದಿಲ್ಲ, ಮಗ್ಗುಲಾಗಿ ಮಲಗಿದ್ದಾಳೆ.